ಸರ್ವರಿನ ಕಾವಲುಗಾರ

ಅಪಾಚೆ ಎಂಬ ವೆಬ್ ಸರ್ವರ್ 1995ರಲ್ಲಿ ಬಳಕೆಗೆ ಬಂದಿತು. ಬಂದವರ ಹೆಸರನ್ನೂ ಗುಪ್ತಪದವನ್ನೂ ಪರೀಕ್ಷಿಸಿ ಒಳಗೆ ಬಿಡುವ ಕಾರ್ಯವನ್ನು ಅದರಲ್ಲಿ ಮಾಡ್ಯೂಲ್‌ಗಳೆಂಬ ಪ್ರತ್ಯೇಕ ಘಟಕಗಳು ನಿರ್ವಹಿಸುತ್ತವೆ. 2012ರಲ್ಲಿ ಅದರ 2.4ನೆಯ ಆವೃತ್ತಿ ಹೊರಬಂದಾಗ, 2.2ಕ್ಕಾಗಿ ಸಿದ್ಧಪಡಿಸಿದ್ದ ಮಾಡ್ಯೂಲ್‌ಗಳು ಹೊಂದಿಕೊಳ್ಳಲಿಲ್ಲ. ಇದಕ್ಕೆ ಕಾರಣವೇನು? ಪ್ರತಿ ಮಾಡ್ಯೂಲಿನಲ್ಲಿಯೂ ಅದು ಯಾವ ಆವೃತ್ತಿಗೆ ತಕ್ಕುದೆಂದು ತಿಳಿಸುವ ಒಂದು ಸಂಖ್ಯೆ ಅಡಗಿರುತ್ತದೆ. ಅದು ತಾಳೆಯಾಗದಿದ್ದರೆ ಸರ್ವರ್ ಆರಂಭದಲ್ಲಿಯೇ ನಿಂತುಬಿಡುತ್ತದೆ. ಆಗ ಮೊದಲು ದೋಷಸಂದೇಶವನ್ನು ಓದಬೇಕು. ಬಳಿಕ ಮಾಡ್ಯೂಲನ್ನು ಹೊಸ ಆವೃತ್ತಿಗಾಗಿ ಮರಳಿ ಸಂಕಲಿಸಬೇಕು. ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಎಂಬ ಆದೇಶದಿಂದ ಪರೀಕ್ಷಿಸಿದ ಅನಂತರವೇ ಸರ್ವರನ್ನು ಆರಂಭಿಸಬೇಕು. ಅವಸರಪಟ್ಟು ಕಾವಲಿನ ಸಾಲುಗಳನ್ನೆಲ್ಲ ಅಳಿಸಿದರೆ ಸರ್ವರ್ ಓಡುವುದು ನಿಜ. ಆದರೆ ಕಾಪಾಡಬೇಕಾದ ಪುಟಗಳು ಎಲ್ಲರಿಗೂ ತೆರೆದುಕೊಳ್ಳುತ್ತವೆ. ಕಾವಲಿಲ್ಲದೆ ತೆರೆದ ಬಾಗಿಲಿಗಿಂತ ಮುಚ್ಚಿದ ಬಾಗಿಲೇ ಲೇಸು.