ಸಣ್ಣ ಶಾಫ್ಟಿಗೆ ದೊಡ್ಡ ಟರ್ಬೋ: ಬಾಳಿಕೆ ಬರುವುದೇ?

ಸಂಘದ ಕಛೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರ, ಮೈಲುತುತ್ತಗಳ ಮಾತು ಮುಗಿದ ಮೇಲೆ ಈಚೆಗೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಾರೆ. "ಪಿಕಪ್ಪಿಗೆ ದೊಡ್ಡ ಟರ್ಬೋ ಹಾಕಿಸಿದರೆ ಘಾಟಿಯಲ್ಲಿ ಎಳೆತ ಜಾಸ್ತಿಯಂತೆ, ಹೌದೇ? ಅದು ಬಾಳಿಕೆ ಬರುತ್ತದೆಯೇ?" ಮನೆಯ ಹುಡುಗರು ಪೇಟೆಯ ವರ್ಕ್‌ಶಾಪಿನಲ್ಲಿ ಕೇಳಿಬಂದು ಹಿರಿಯರ ಮುಂದಿಡುವ ಮಾತು ಇದು. ಇದಕ್ಕೆ ಉತ್ತರ ಹೇಳುವ ಯೋಗ್ಯತೆಯನ್ನು ನಾವು ಸ್ವಲ್ಪ ದುಬಾರಿ ಬೆಲೆ ತೆತ್ತೇ ಸಂಪಾದಿಸಿದ್ದೇವೆ.

ನಮ್ಮ ಪಿಕಪ್ಪಿನ ಟರ್ಬೋ ಸವೆದಾಗ ವರ್ಕ್‌ಶಾಪಿನವರೊಬ್ಬರು ಹಳೆಯ ಶಾಫ್ಟನ್ನೇ ಉಳಿಸಿ, ಗಾಳಿ ತಳ್ಳುವ ಚಕ್ರವನ್ನು ಮಾತ್ರ ದೊಡ್ಡದು ಕೂರಿಸಿ, ಅದಕ್ಕೆ ತಕ್ಕಂತೆ ಹೌಸಿಂಗನ್ನು ಲೇತಿನಲ್ಲಿ ಕಡೆದು ಕೊಟ್ಟರು. ಐದು ತಿಂಗಳು ಗಾಡಿ ಹುರುಪಿನಿಂದ ಓಡಿತು. ಆರನೆಯ ತಿಂಗಳು, ಅರೇಬಿಕಾ ಕೊಯ್ಲಿನ ನಟ್ಟನಡುವೆ, ಹಣ್ಣಿನ ಚೀಲ ಹೇರಿಕೊಂಡು ಏರು ಹತ್ತುವಾಗ ಶಾಫ್ಟ್ ತುಂಡಾಯಿತು. ಅಂದಿನ ಹಣ್ಣು ಅಂದೇ ಪಲ್ಪರಿಗೆ ಬೀಳಬೇಕೆಂಬುದು ಎಲ್ಲರಿಗೂ ಗೊತ್ತು. ನಾಲ್ಕು ದಿನ ಗಾಡಿಯಿಲ್ಲದೆ ಕೆಳತೋಟದ ಹಣ್ಣು ಚೀಲದಲ್ಲೇ ಹುಳಿಯಿತು. ರಿಪೇರಿಯ ಖರ್ಚಿಗಿಂತ ಆ ನಷ್ಟವೇ ಹೆಚ್ಚಾಯಿತು. ಆ ಬಳಿಕ ನಾವು ಕುಳಿತು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಟರ್ಬೋ ಮಾಡುವ ಕೆಲಸ

ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇದು ಟರ್ಬೈನ್ ಚಕ್ರ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟು ಪಡೆದಿದ್ದರು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನನ್ನು ಪೈಕ್ಸ್ ಪೀಕ್ ಪರ್ವತದ ಮೇಲೆ 14,000 ಅಡಿ ಎತ್ತರಕ್ಕೆ ಸಾಗಿಸಿ ಟರ್ಬೋವನ್ನು ಪರೀಕ್ಷಿಸಿದರು. ಬೆಟ್ಟದ ಮೇಲೆ ಗಾಳಿ ತೆಳುವಾಗಿ ಎಂಜಿನ್ ಸೊರಗುವುದನ್ನು ಟರ್ಬೋ ಸರಿಪಡಿಸಬಲ್ಲದೆಂದು ಅಲ್ಲಿ ಸಿದ್ಧವಾಯಿತು. ಬೆಟ್ಟದ ಸೀಮೆಯವರಾದ ನಮಗೆ ಈ ಯಂತ್ರ ಸಲ್ಲುವುದೂ ಇದೇ ಕಾರಣಕ್ಕೆ.

ಶಾಫ್ಟ್ ತೆಳ್ಳಗಿರುವುದೇಕೆ?

ಶಾಫ್ಟ್ ಪೆನ್ಸಿಲಿನಷ್ಟು ಸಣ್ಣದಿರುವುದನ್ನು ನೋಡಿ ಕಂಪೆನಿಯವರು ಕಬ್ಬಿಣದಲ್ಲಿ ಜಿಪುಣತನ ಮಾಡಿದ್ದಾರೆಂದು ನಾವೂ ಭಾವಿಸಿದ್ದೆವು. ಅದು ತಪ್ಪು. ಎಂಜಿನ್ ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ತಿರುಗಿದರೆ ಸಣ್ಣ ಡೀಸೆಲ್ ಗಾಡಿಯ ಟರ್ಬೋ ಒಂದೂವರೆ, ಎರಡು ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಶಾಫ್ಟ್ ಬೇರಿಂಗನ್ನು ಮುಟ್ಟುವಂತಿಲ್ಲ, ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರಬೇಕು. ಶಾಫ್ಟ್ ದಪ್ಪವಾದಷ್ಟೂ ಎಣ್ಣೆಯ ಎಳೆತ ಹೆಚ್ಚಿ ಟರ್ಬೋ ಏಳುವುದು ನಿಧಾನವಾಗುತ್ತದೆ, ಎಣ್ಣೆಯೂ ಹೆಚ್ಚು ಕಾಯುತ್ತದೆ. ಆದ್ದರಿಂದ ತೆಳು ಶಾಫ್ಟ್ ಲೆಕ್ಕ ಹಾಕಿಯೇ ಮಾಡಿದ್ದು. ಆದರೆ ಆ ಲೆಕ್ಕ ಒಂದು ನಿರ್ದಿಷ್ಟ ಅಳತೆಯ ಚಕ್ರಕ್ಕೆ ಹಾಕಿದ್ದು ಎಂಬುದನ್ನು ಮರೆಯಬಾರದು.

ಲೆಕ್ಕ ಹೇಳುವುದೇನು?

ಗ್ಯಾರೆಟ್ ಕಂಪೆನಿ ವೇಗದ ಪೆಟ್ರೋಲ್ ಕಾರುಗಳಿಗಾಗಿ ಹೊರತಂದ ಎರಡು ಟರ್ಬೋಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜಿಟಿ2860ಆರ್‌ಎಸ್ ಮತ್ತು ಜಿಟಿ2871ಆರ್ ಎಂದು ಅವುಗಳ ಹೆಸರು. ಎರಡರಲ್ಲೂ ಟರ್ಬೈನ್ ಚಕ್ರ 53.9 ಮಿ.ಮೀ. ಹೆಸರಿನ ಕೊನೆಯ ಎರಡು ಅಂಕಿಗಳು ಕಂಪ್ರೆಸರ್ ಚಕ್ರದ ಅಳತೆ: ಒಂದರದ್ದು 60 ಮಿ.ಮೀ., ಇನ್ನೊಂದರದ್ದು 71.

ಬರೇ 11 ಮಿ.ಮೀ. ಹೆಚ್ಚಾದರೆ ಏನಾದೀತು ಎನ್ನಬಹುದು. ಚಕ್ರದ ಆಕಾರ ಒಂದೇ ಎಂದಿಟ್ಟುಕೊಂಡರೆ ತೂಕ ಅಳತೆಯ ಮೂರನೆಯ ಘಾತದಂತೆ ಏರಿ ಸುಮಾರು 1.66 ಪಟ್ಟಾಗುತ್ತದೆ. ತಿರುಗಿಸಲು ಒಡ್ಡುವ ಜಡತ್ವ ಐದನೆಯ ಘಾತದಂತೆ ಏರಿ 2.3 ಪಟ್ಟಾಗುತ್ತದೆ. ಗಾಳಿಯ ಒತ್ತಡ ಬೀಳುವ ವಿಸ್ತೀರ್ಣ 1.4 ಪಟ್ಟು. ಇತ್ತ ಶಾಫ್ಟ್ ಬಾಗದೆ ನಿಲ್ಲುವ ಬಿಗಿ ಅದರ ದಪ್ಪದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ದಪ್ಪದಲ್ಲಿ ನೂರಕ್ಕೆ ಹತ್ತು ಕಡಿಮೆಯಾದರೆ ಬಿಗಿ ಮೂರರಲ್ಲೊಂದು ಪಾಲು ಹೋಗುತ್ತದೆ.

ಇದನ್ನು ಅಡಿಕೆ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಿಲ್ಲ. ತೆಳ್ಳಗಿನ ಮರದ ತುದಿಗೆ ಕೊನೆಗಾರ ಏರಿದಾಗ ಮರ ಹೇಗೆ ತೂಗುತ್ತದೆಂದು ದಿನವೂ ನೋಡುತ್ತೇವೆ. ಅದೇ ಮರಕ್ಕೆ ಇಮ್ಮಡಿ ತೂಕದವನನ್ನು ಹತ್ತಿಸುವುದಿಲ್ಲ.

ಆದರೂ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ದೊಡ್ಡ ಚಕ್ರ ಅಷ್ಟೇ ಒತ್ತಡ ಕೊಡಲು ಕಡಿಮೆ ಸುತ್ತು ತಿರುಗಿದರೆ ಸಾಕು. ಜಿಟಿ2871ಆರ್‌ನಂಥವನ್ನು ಕಂಪೆನಿಯೇ ತಯಾರಿಸಿತು. ಶಾಫ್ಟಿಗೆ ಬಾಲ್ ಬೇರಿಂಗ್ ಕೊಟ್ಟು, ಚಕ್ರವನ್ನೂ ಶಾಫ್ಟನ್ನೂ ಒಟ್ಟಾಗಿ ತೂಗಿಸಿ, ಇಷ್ಟು ಸುತ್ತಿಗಿಂತ ಹೆಚ್ಚಿಗೆ ಹೋಗಕೂಡದೆಂಬ ಮಿತಿ ಹಾಕಿದ್ದರು. ಆದ್ದರಿಂದ ತೆಳು ಶಾಫ್ಟಿನ ದೊಡ್ಡ ಟರ್ಬೋ ಎಂದ ಮಾತ್ರಕ್ಕೆ ಮುರಿಯುತ್ತದೆ ಎನ್ನಲಾಗದು. ಮುರಿಯುವ ಅಪಾಯ ಹೆಚ್ಚುವುದು ಲೆಕ್ಕ ಬದಲಿಸದೆ ಚಕ್ರವನ್ನು ಮಾತ್ರ ಬದಲಿಸಿದಾಗ.

ಕೆಡುವುದು ಎಲ್ಲೆಲ್ಲಿ?

ಮೊದಲನೆಯದು ತೂಕದ ಸಮತೋಲನ. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿನಲ್ಲಿ ಒಂದು ಗ್ರಾಂ ತೂಕ ಕೇಂದ್ರದಿಂದ ಒಂದೇ ಮಿಲಿಮೀಟರ್ ಸರಿದಿದ್ದರೂ ಶಾಫ್ಟನ್ನು ಸುಮಾರು 25 ಕಿಲೋ ಬಲದಿಂದ ಜಗ್ಗುತ್ತದೆ, ಅದೂ ಸೆಕೆಂಡಿಗೆ 2,500 ಸಲ ದಿಕ್ಕು ಸುತ್ತುತ್ತಾ. ಕಣ್ಣಂದಾಜಿನಲ್ಲಿ ಕೂರಿಸಿದ ಚಕ್ರ ಇದನ್ನು ತಡೆಯಲಾರದು.

ಎರಡನೆಯದು ಉದ್ದಕ್ಕೆ ಬೀಳುವ ಒತ್ತಡ. ಕಂಪ್ರೆಸರ್ ಚಕ್ರದ ಬೆನ್ನಿಗೆ ಬೀಳುವ ಗಾಳಿ ಶಾಫ್ಟನ್ನು ಮುಂದಕ್ಕೆ ಎಳೆಯುತ್ತದೆ. ಅದನ್ನು ತಡೆಯುವುದು ಥ್ರಸ್ಟ್ ಬೇರಿಂಗ್. ಚಕ್ರ ದೊಡ್ಡದಾಗಿ ಥ್ರಸ್ಟ್ ಬೇರಿಂಗ್ ಹಳೆಯದೇ ಉಳಿದರೆ ಮೊದಲು ಸವೆಯುವುದು ಅದೇ.

ಮೂರನೆಯದು ನಮ್ಮ ಘಾಟಿಗೇ ವಿಶೇಷವಾದದ್ದು. ಭಾರ ಹೇರಿದ ಗಾಡಿ ಮೇಲಿನ ಗೇರಿನಲ್ಲಿ ಕಡಿಮೆ ಸುತ್ತಿನಲ್ಲಿ ಮುಕ್ಕರಿಸುತ್ತಾ ಏರುವಾಗ ಸಣ್ಣ ಎಂಜಿನ್ ಕುಡಿಯುವ ಗಾಳಿ ಕಡಿಮೆ. ದೊಡ್ಡ ಕಂಪ್ರೆಸರ್ ಒತ್ತಿದ ಗಾಳಿಗೆ ದಾರಿ ಸಾಲದೆ ಹಿಂದಕ್ಕೆ ನುಗ್ಗುತ್ತದೆ. ಮೆಕ್ಯಾನಿಕರು ಇದನ್ನು ಸರ್ಜ್ ಎನ್ನುತ್ತಾರೆ. ಶಾಫ್ಟಿಗೆ ಹಿಂದೆ ಮುಂದೆ ಸುತ್ತಿಗೆ ಪೆಟ್ಟು ಬಿದ್ದ ಹಾಗೆ. ನಮ್ಮ ಗಾಡಿ ಏರಿನಲ್ಲಿ ಬುಸುಬುಸು ಸದ್ದು ಮಾಡುತ್ತಿದ್ದುದನ್ನು ನಾವು ಶಕ್ತಿಯ ಲಕ್ಷಣವೆಂದೇ ತಿಳಿದಿದ್ದೆವು!

ನಾಲ್ಕನೆಯದು ಎತ್ತರ. ಮಡಿಕೇರಿಯಂತೆ 1,150 ಮೀಟರ್ ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ನೂರಕ್ಕೆ ಹನ್ನೆರಡರಷ್ಟು ಕಡಿಮೆ. ಅಷ್ಟೇ ಗಾಳಿ ತುಂಬಲು ಟರ್ಬೋ ಹೆಚ್ಚು ಸುತ್ತು ತಿರುಗಬೇಕು. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ ಇನ್ನೂ ಹೆಚ್ಚು.

ಇವೆಲ್ಲಕ್ಕೂ ಮೇಲೆ ಎಣ್ಣೆ. ಎಣ್ಣೆ ಕೊಳೆಯಾದರೆ, ತಡವಾಗಿ ಬಂದರೆ, ಕಾದ ಟರ್ಬೋದೊಳಗೆ ನಿಂತು ಸುಟ್ಟು ಕರಿ ಕಟ್ಟಿದರೆ ಯಾವ ಅಳತೆಯ ಶಾಫ್ಟೂ ಉಳಿಯದು.

ನಮ್ಮ ಸಲಹೆ

1. ತೋಟದ ಭಾರ ಹೊರುವ ಗಾಡಿಗೆ ಕಂಪೆನಿ ಕೊಟ್ಟ ಅಳತೆಯ ಟರ್ಬೋವೇ ಇರಲಿ. ನಮಗೆ ಬೇಕಾದದ್ದು ಕಡಿಮೆ ಸುತ್ತಿನ ಎಳೆತ, ದೊಡ್ಡ ಟರ್ಬೋ ಕೊಡುವುದು ಹೆಚ್ಚು ಸುತ್ತಿನ ವೇಗ.

2. ಟರ್ಬೋ ಹೋದರೆ ಬಿಡಿ ಚಕ್ರ ಹಾಕಿಸಬೇಡಿ. ಶಾಫ್ಟ್, ಎರಡು ಚಕ್ರ, ಬೇರಿಂಗ್ ಸೇರಿದ, ಬ್ಯಾಲೆನ್ಸ್ ಮಾಡಿದ ಪೂರ್ತಿ ಒಳಭಾಗವನ್ನೇ ಹಾಕಿಸಿ. ಬ್ಯಾಲೆನ್ಸ್ ಮಾಡಿದ ಚೀಟಿ ಕೇಳಿ ಪಡೆಯಿರಿ.

3. ಹಳೆಯದು ಏಕೆ ಹೋಯಿತೆಂದು ಮೊದಲು ಪತ್ತೆಮಾಡಿ. ಎಣ್ಣೆಯ ಪೈಪು ಕಟ್ಟಿಕೊಂಡಿದ್ದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

4. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ರೇಸ್ ಮಾಡಬೇಡಿ. ಏರು ಹತ್ತಿ ಬಂದೊಡನೆ ಬಂದ್ ಮಾಡಬೇಡಿ. ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಡಿ. ಆಯಿಲ್, ಫಿಲ್ಟರುಗಳನ್ನು ಗಾಡಿಯ ಪುಸ್ತಕ ಹೇಳಿದ ಗಡುವಿಗೆ, ಕೊಯ್ಲಿನ ಧೂಳಿನ ಕಾಲದಲ್ಲಿ ಅದಕ್ಕೂ ಮುಂಚೆ, ಬದಲಿಸಿ.

5. ಎಂಜಿನ್ ತಣ್ಣಗಿದ್ದಾಗ ಗಾಳಿಯ ಹೋಸು ಬಿಚ್ಚಿ ಚಕ್ರವನ್ನು ಬೆರಳಿನಿಂದ ಅಲುಗಿಸಿ ನೋಡಬಹುದು. ಮಾಮೂಲಿ ಬೇರಿಂಗಿನಲ್ಲಿ ಅಕ್ಕಪಕ್ಕಕ್ಕೆ ತುಸು ಅಲುಗಾಟ ಸಹಜ. ಚಕ್ರ ಹೌಸಿಂಗಿಗೆ ತಾಗಿದರೆ, ಅಥವಾ ಒಳಗೆ ಹೊರಗೆ ಜಗ್ಗಿದಾಗ ಸ್ಪಷ್ಟವಾಗಿ ಅಲುಗಿದರೆ ತಡಮಾಡದೆ ಬಿಚ್ಚಿಸಿ. ನೀಲಿ ಹೊಗೆ, ಹೊಸದಾಗಿ ಕೇಳುವ ಶಿಳ್ಳೆಯ ಸದ್ದು, ಹೋಸಿನೊಳಗೆ ಎಣ್ಣೆ ನಿಲ್ಲುವುದು ಇವೂ ಎಚ್ಚರಿಕೆಗಳೇ.

6. ಟರ್ಬೋ ಒಡೆದು ಎಣ್ಣೆ ಎಂಜಿನಿನೊಳಗೆ ನುಗ್ಗಿದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು ಕೀಲಿ ತೆಗೆದರೂ ನಿಲ್ಲದೆ ಕೂಗುತ್ತಾ ಓಡಬಹುದು. ಆಗ ಗಾಬರಿಯಾಗದೆ ಗಾಡಿ ನಿಲ್ಲಿಸಿ, ಬ್ರೇಕ್ ಬಲವಾಗಿ ತುಳಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನನ್ನು ಕಟ್ಟಿಹಾಕಬೇಕು. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಇದನ್ನು ತಿಳಿಸಿಡಿ.

ದೊಡ್ಡ ಟರ್ಬೋದ ಮೇಲೆ ಆಸೆಯಿರುವ ಹುಡುಗರ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಪಂದ್ಯದ ಗಾಡಿಯಲ್ಲಿ ಅದಕ್ಕೆ ಸ್ಥಳವಿದೆ. ಅಲ್ಲಿ ಮುರಿದರೆ ಪಂದ್ಯ ಹೋಗುತ್ತದೆ, ಅಷ್ಟೆ. ನಮ್ಮಲ್ಲಿ ಮುರಿದರೆ ವರ್ಷದ ಫಸಲಿನ ಪಾಲು ಹೋಗುತ್ತದೆ. ನಮ್ಮ ತುಂಡಾದ ಶಾಫ್ಟನ್ನು ಸಂಘದ ಕಛೇರಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಗಾಡಿ ವರ್ಕ್‌ಶಾಪಿಗೆ ಹೋಗುವ ಮೊದಲು ಹುಡುಗರನ್ನು ಒಮ್ಮೆ ಇಲ್ಲಿಗೆ ಕರೆತಂದು ಅದನ್ನು ಕೈಯಲ್ಲಿ ಹಿಡಿದು ನೋಡಲು ಹೇಳಿ.