ಪ್ರಾಜೆಕ್ಟ್ ಮ್ಯಾನೇಜರ್ ಎಐ ಕಡೆ ಹೊರಟರೆ

ಕಳೆದ ಭಾನುವಾರ ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಿದ್ದೆ, ಫೋನ್ ಬಂತು. ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತವನು. "ಮಗಾ, ನಮ್ಮ ಟೀಮ್‌ಗೆ ಇನ್ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಬೇಡವಂತೆ ಕಣೋ. ಎಐ ಪ್ರಾಡಕ್ಟ್ ಮ್ಯಾನೇಜರ್ ಆಗೋಣ ಅಂತಿದೀನಿ. ಎರಡೂವರೆ ಲಕ್ಷದ ಕೋರ್ಸ್ ಇದೆ, ಸೇರ್ಲಾ?" ಹದಿಮೂರು ವರ್ಷದ ಅನುಭವ, ವೈಟ್‌ಫೀಲ್ಡ್‌ನಲ್ಲಿ ಫ್ಲಾಟು, ತಿಂಗಳಿಗೆ 62 ಸಾವಿರ ಇಎಂಐ.

ವೀಕ್ಷಕರೇ, ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮನೆ ಕಟ್ಟೋ ಲೆಕ್ಕದಲ್ಲಿ ನೋಡಿ. ಗೃಹಪ್ರವೇಶದ ಮುಹೂರ್ತದೊಳಗೆ, ಹೇಳಿದ ದುಡ್ಡಿನಲ್ಲಿ ಕೆಲಸ ಮುಗಿಸೋದು ಪ್ರಾಜೆಕ್ಟ್ ಮ್ಯಾನೇಜರ್ ಜವಾಬ್ದಾರಿ. ಮೂರನೇ ಬೆಡ್‌ರೂಮ್ ಬೇಕಾ, ಯಾಕೆ ಬೇಕು, ಅಲ್ಲಿ ಮಲಗೋರು ಯಾರು ಅಂತ ಕೇಳಿ ತೀರ್ಮಾನ ಮಾಡೋನು ಪ್ರಾಡಕ್ಟ್ ಮ್ಯಾನೇಜರ್. ಎಐ ಸೇರಿದ ಕೂಡಲೇ ಇನ್ನೊಂದು ತಲೆನೋವು ಸೇರುತ್ತೆ. ಮಾಮೂಲಿ ಸಾಫ್ಟ್‌ವೇರ್‌ನಲ್ಲಿ ಅದೇ ಬಟನ್ ಒತ್ತಿದ್ರೆ ಅದೇ ಫಲ. ಎಐಗೆ ಒಂದೇ ಪ್ರಶ್ನೆ ಹತ್ತು ಸಲ ಕೇಳಿ, ಉತ್ತರ ಬೇರೆ ಬೇರೆ ಥರ ಬರಬಹುದು. ಕೆಲವು ತಪ್ಪೂ ಇರಬಹುದು. ಎಷ್ಟು ತಪ್ಪು, ಎಂಥ ತಪ್ಪು ಒಪ್ಪಿಕೊಳ್ಳಬಹುದು ಅನ್ನೋದೇ ಈ ಹೊಸ ಕೆಲಸದ ತಿರುಳು.

ನನ್ನ ಗೆಳೆಯ ದುಡಿಯೋದು ಆರೋಗ್ಯ ವಿಮೆಯ ಸಾಫ್ಟ್‌ವೇರ್‌ನಲ್ಲಿ. 1,000 ಕ್ಲೇಮ್ ಬಂದಿವೆ, ಅದರಲ್ಲಿ 10 ನಕಲಿ ಅಂತಿಟ್ಟುಕೊಳ್ಳಿ. ಎಲ್ಲದಕ್ಕೂ ಕಣ್ಣುಮುಚ್ಚಿ 'ಸರಿ ಇದೆ' ಅನ್ನೋ ಯಂತ್ರ 990 ಸಲ ಸರಿ. ಅಂದ್ರೆ 99 ಪರ್ಸೆಂಟ್! ಪಿಪಿಟಿಯಲ್ಲಿ ಹಾಕಿದ್ರೆ ಚಪ್ಪಾಳೆ ಬೀಳುತ್ತೆ. ಹಿಡಿದ ಕಳ್ಳರು ಎಷ್ಟು? ಸೊನ್ನೆ. ಯಂತ್ರವನ್ನು ಬಿಗಿ ಮಾಡಿದ್ರೆ 10 ಕಳ್ಳರೂ ಸಿಗಬಹುದು, ಜೊತೆಗೆ 90 ಪ್ರಾಮಾಣಿಕರೂ ಸಿಕ್ಕಿಹಾಕಿಕೊಳ್ಳಬಹುದು. ಆ 90 ಜನ ಆಸ್ಪತ್ರೆ ಬಿಲ್ ಕೌಂಟರ್ ಮುಂದೆ ನಿಂತಿರ್ತಾರೆ. ಯಾವ ತಪ್ಪು ಹೆಚ್ಚು ಕೆಟ್ಟದ್ದು? ಇದನ್ನ ಯಂತ್ರ ಹೇಳಲ್ಲ. ಮನುಷ್ಯನೇ ಹೇಳಬೇಕು, ಹೇಳಿದ್ದಕ್ಕೆ ಹೊಣೆಯನ್ನೂ ಹೊರಬೇಕು.

ಹೊರದಿದ್ರೆ ಏನಾಗುತ್ತೆ ಅನ್ನೋದಕ್ಕೆ ಏರ್ ಕೆನಡಾ ಪ್ರಕರಣ ಇದೆ. ಅಜ್ಜಿ ತೀರಿಕೊಂಡ ಪ್ರಯಾಣಿಕರೊಬ್ಬರು ಸಾವಿನ ಸಂದರ್ಭದ ರಿಯಾಯಿತಿ ಬಗ್ಗೆ ಕಂಪನಿಯ ಚಾಟ್‌ಬಾಟ್ ಕೇಳಿದರು. ಟಿಕೆಟ್ ತಗೊಂಡ ಮೇಲೂ 90 ದಿನದೊಳಗೆ ಅರ್ಜಿ ಹಾಕಬಹುದು ಅಂತ ಅದು ಹೇಳಿತು. ಕಂಪನಿಯ ನಿಯಮದಲ್ಲಿ ಹಾಗಿರಲಿಲ್ಲ. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಅನ್ನೋ ಅರ್ಥದ ವಾದವನ್ನೂ ಕಂಪನಿ ಮುಂದಿಟ್ಟಿತು, ನೋಡಿ! ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ಬಡ್ಡಿ, ಶುಲ್ಕ ಎಲ್ಲಾ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಿ ಅಂತು. ಮೊತ್ತ ಸಣ್ಣದು, ಹೋದ ಮಾನ ಸಣ್ಣದಲ್ಲ.

ಇಲ್ಲೇ ನನ್ನ ಗೆಳೆಯನ ಬಂಡವಾಳ ಇರೋದು. ವಿಮೆಯಲ್ಲಿ ಎಲ್ಲಿ ಎಡವಟ್ಟಾಗುತ್ತೆ, ಯಾವ ಇಲಾಖೆ ಫೈಲ್ ಹಿಡಿದು ಕೂರುತ್ತೆ, ಕ್ಲೈಂಟ್‌ಗೆ 'ಆಗಲ್ಲ ಸಾರ್' ಅಂತ ಹೇಗೆ ಹೇಳಬೇಕು, ಇದೆಲ್ಲ ಅವನಿಗೆ ಗೊತ್ತು. ಎಐ ಪದಗಳನ್ನ ಆರು ತಿಂಗಳಲ್ಲಿ ಕಲೀಬಹುದು, ಇದನ್ನ ಕಲಿಯಕ್ಕಾಗಲ್ಲ. ಕಲೀಬೇಕಾದ್ದೂ ಇದೆ, ಸುಳ್ಳು ಹೇಳಲ್ಲ. ಡೇಟಾ ಎಲ್ಲಿಂದ ಬಂತು, ಅದರಲ್ಲಿ ಯಾರು ಬಿಟ್ಟುಹೋಗಿದ್ದಾರೆ, ಒಂದೊಂದು ಉತ್ತರಕ್ಕೆ ಖರ್ಚೆಷ್ಟು. ಅನೇಕ ಮಾಡೆಲ್‌ಗಳು ಕನ್ನಡ ವಾಕ್ಯವನ್ನ ಇಂಗ್ಲಿಷಿಗಿಂತ ಹೆಚ್ಚು ಚೂರು ಮಾಡಿ ಓದುತ್ತವೆ, ಚೂರಿನ ಲೆಕ್ಕದಲ್ಲೇ ಬಿಲ್ಲು. ಮತ್ತೆ, ಹೊರಗೆ ಹೋಗಿ ಇದೇ ಸಂಬಳಕ್ಕೆ ಹೊಸ ಹುದ್ದೆ ಕೇಳೋದು ಕಷ್ಟ. ಇರೋ ಕಂಪನಿಯೊಳಗೇ ದಾರಿ ಹುಡುಕೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

"ಕೋರ್ಸ್ ಆಮೇಲೆ ನೋಡೋಣ, ಮೊದಲು ಗ್ರಾಹಕರು ಸಾಮಾನ್ಯವಾಗಿ ಕೇಳೋ 100 ಪ್ರಶ್ನೆ ಬರಿ" ಅಂದೆ. "ಯಾರ ಹೆಸರೂ, ಪಾಲಿಸಿ ನಂಬರೂ ಬೇಡ. ಸರಿಯುತ್ತರ ನೀನೇ ಬರಿ, ಆಮೇಲೆ ಎಐಗೆ ಕೇಳು. ಎಲ್ಲೆಲ್ಲಿ ತಪ್ಪಿತು ಅಂತ ಎಣಿಸು."

ಗುರುವಾರ ರಾತ್ರಿ ಎಕ್ಸೆಲ್ ಶೀಟಿನ ಫೋಟೋ ಬಂತು. 100ಕ್ಕೆ 14 ತಪ್ಪು. "11 ಪರವಾಗಿಲ್ಲ ಮಗಾ, ಮೂರು ಡೇಂಜರ್. ವೇಟಿಂಗ್ ಪೀರಿಯಡ್ ಇರೋ ಕಾಯಿಲೆಗೂ ಈಗಲೇ ದುಡ್ಡು ಸಿಗುತ್ತೆ ಅಂದ್ಬಿಟ್ಟಿದೆ" ಅಂತ ಕೆಳಗೆ ಬರೆದಿದ್ದ. ಸೋಮವಾರ ಅದನ್ನ ಬಾಸ್‌ಗೆ ತೋರಿಸ್ತಾನಂತೆ. ಕೋರ್ಸ್‌ನವರು ಮಾತ್ರ ದಿನಕ್ಕೆ ಮೂರು ಸಲ ಫೋನ್ ಮಾಡ್ತಾನೇ ಇದ್ದಾರೆ.