ಊರು ಬಿಡುವ ಮುನ್ನ

ಕಡೂರಿನ ತೆಂಗಿನ ತೋಟದಲ್ಲಿ, ತರೀಕೆರೆಯ ಅಡಕೆ ತೋಟದಲ್ಲಿ, ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ದುಡಿದು ಮಕ್ಕಳನ್ನು ಓದಿಸಿದ ತಂದೆತಾಯಿಯರಿದ್ದಾರೆ. ಮಗನೋ ಮಗಳೋ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲಸುವೆನೆಂದಾಗ ಅವರಿಗೆ ಹರ್ಷವೂ ಉಂಟು, ಅಳಲೂ ಉಂಟು. ಆ ದಾರಿಯ ಸ್ವರೂಪವನ್ನು ಮನೆಮಂದಿಯೆಲ್ಲ ಅರಿತಿರುವುದು ಲೇಸು.

ಆ ದೇಶವು 2019ರ ನವೆಂಬರಿನಲ್ಲಿ ಕುಶಲ ಕೆಲಸಗಾರರಿಗಾಗಿ 491ನೆಯ ವರ್ಗದ ಪ್ರಾದೇಶಿಕ ವೀಸಾವನ್ನು ಜಾರಿಗೆ ತಂದಿತು. ಕರೆ ಬರುವ ವೇಳೆಗೆ ಅರ್ಜಿದಾರರಿಗೆ 45 ವರ್ಷ ತುಂಬಿರಬಾರದು. ವಯಸ್ಸು, ವಿದ್ಯೆ, ಅನುಭವ, ಇಂಗ್ಲಿಷ್ ಜ್ಞಾನ ಇವುಗಳಿಗೆ ಅಂಕಗಳುಂಟು; ಅಲ್ಲಿನ ರಾಜ್ಯವೊಂದು ನಾಮನಿರ್ದೇಶನ ಮಾಡಿದರೆ ಮತ್ತೆ 15 ಸೇರುತ್ತವೆ. ಒಟ್ಟು 65 ಆಗಲೇಬೇಕು. ಆದರೆ ಅದು ಸಾಲಿನಲ್ಲಿ ನಿಲ್ಲುವ ಅರ್ಹತೆಯೇ ಹೊರತು ಕರೆಯ ಭರವಸೆಯಲ್ಲ.

ವೀಸಾ ಪಡೆದವರು ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮಹಾನಗರಗಳನ್ನುಳಿದು ಅನ್ಯ ಪ್ರದೇಶಗಳಲ್ಲೇ ವಾಸಿಸಿ ದುಡಿಯತಕ್ಕದ್ದು. ಅವಧಿ 5 ವರ್ಷ. ಕನಿಷ್ಠ 3 ವರ್ಷ ಕಳೆದ ಮೇಲೆ, ತೆರಿಗೆಯ ದಾಖಲೆಗಳೊಡನೆ, ಕಾಯಂ ವಾಸಕ್ಕಾಗಿ 191ನೆಯ ವರ್ಗದಲ್ಲಿ ಅರ್ಜಿ ಸಲ್ಲಿಸಬೇಕು.

ಈ ಅರ್ಜಿಯಲ್ಲಿ ಪತಿಪತ್ನಿಯರಿಗೆ, ಮಕ್ಕಳಿಗೆ ಸ್ಥಾನವುಂಟು; ತಂದೆತಾಯಿಯರಿಗಿಲ್ಲ. ಹಿರಿಯರು ಗಮನಿಸಬೇಕಾದ ಮಾತು ಇದು.

ಹೋಗಬೇಡಿರೆಂದು ನಾವು ಹೇಳುತ್ತಿಲ್ಲ. ಶರಣರು ದೂರದ ನಾಡುಗಳಿಂದ ಕಲ್ಯಾಣಕ್ಕೆ ಬಂದವರೇ. ಕಾಯಕಕ್ಕೆ ಊರಿನ ಎಲ್ಲೆಯಿಲ್ಲ. ಆದರೆ ಮಧ್ಯವರ್ತಿಯ ಮಾತು ನಂಬಿ ತೋಟ ಮಾರಬೇಡಿರಿ. ಕಾಯಂ ವಾಸದ ಅಪ್ಪಣೆ ಕೈಸೇರುವವರೆಗಾದರೂ ಹಿಂದಿರುಗಲು ಮನೆ, ಹೊಲ ಉಳಿದಿರಲಿ. ವೃದ್ಧಾಪ್ಯದಲ್ಲಿ ಹಿರಿಯರ ಬಳಿ ಯಾರಿರುವರು ಎಂಬುದನ್ನು ವಿಮಾನ ಹತ್ತುವ ಮುನ್ನವೇ ಅಣ್ಣತಮ್ಮಂದಿರು, ಅಕ್ಕತಂಗಿಯರು ಕುಳಿತು ತೀರ್ಮಾನಿಸಲಿ. ದಾಸೋಹವು ಮನೆಯಿಂದಲೇ ಮೊದಲಾಗತಕ್ಕದ್ದು.